ಕೈಗಾರಿಕಾ ಸಂವೇದಕ ಜಾಲ: ಯಾವ ಪ್ರೋಟೊಕಾಲ್ ಎಲ್ಲಿಗೆ?

ಪ್ರೋಟೊಕಾಲ್: ಸಾಧನಗಳ ನಡುವಿನ ದತ್ತಾಂಶ ವಿನಿಮಯದ ನಿಯಮಾವಳಿ. ಆಯ್ಕೆಯ ಮಾನದಂಡ: ವಿಳಂಬ, ದೂರ, ವಿದ್ಯುತ್ ಬಳಕೆ, ಸಾಧನಗಳ ಸಂಖ್ಯೆ, ಭದ್ರತೆ.

1. ಮೋಡ್‌ಬಸ್: 1979, ಮೋಡಿಕಾನ್ ಕಂಪನಿ. ಮಾಸ್ಟರ್ ಕೇಳಿದರೆ ಮಾತ್ರ ಸ್ಲೇವ್ ಉತ್ತರಿಸುತ್ತದೆ. ಸ್ಲೇವ್ ವಿಳಾಸ 1ರಿಂದ 247. ಟಿಸಿಪಿ ರೂಪಕ್ಕೆ ಪೋರ್ಟ್ 502. ಮೂಲ ರೂಪದಲ್ಲಿ ಗೂಢಲಿಪೀಕರಣ ಇಲ್ಲ.

2. ಎಂಕ್ಯೂಟಿಟಿ (ಇದನ್ನು ಬಿಡದೆ ಓದಿ):
• 1999, ಆಂಡಿ ಸ್ಟ್ಯಾನ್‌ಫೋರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್.
• ಮೂಲ ಉದ್ದೇಶ: ಉಪಗ್ರಹ ಸಂಪರ್ಕದ ಮೂಲಕ ತೈಲ ಕೊಳವೆಮಾರ್ಗಗಳ ನಿಗಾ.
• ಮಾದರಿ: ಪ್ರಕಟಣೆ–ಚಂದಾದಾರಿಕೆ. ನಡುವೆ ಬ್ರೋಕರ್ (ಸಂದೇಶ ಪಡೆದು ಹಂಚುವ ಸರ್ವರ್). ಕಳಿಸುವವನಿಗೆ ಪಡೆಯುವವನ ವಿಳಾಸ ಬೇಕಿಲ್ಲ. ಸಾವಿರಾರು ಸಂವೇದಕಗಳಿಗೆ ಇದು ಒಗ್ಗುವುದು ಈ ಕಾರಣಕ್ಕೇ.
• ಪೋರ್ಟ್ 1883. ಟಿಎಲ್‌ಎಸ್ ಭದ್ರತೆಯೊಂದಿಗೆ 8883.
• ಸೇವಾ ಗುಣಮಟ್ಟ: 0 – ಗರಿಷ್ಠ ಒಮ್ಮೆ, 1 – ಕನಿಷ್ಠ ಒಮ್ಮೆ (ಸಂದೇಶ ಮರುಕಳಿಸಬಹುದು), 2 – ನಿಖರವಾಗಿ ಒಮ್ಮೆ.
• ಐಎಸ್‌ಒ/ಐಇಸಿ 20922, 2016.

3. ಸಿಒಎಪಿ: ಆರ್‌ಎಫ್‌ಸಿ 7252, 2014. ಕೋರಿಕೆ–ಉತ್ತರ ಮಾದರಿ. ಪೋರ್ಟ್ 5683.

4. ಒಪಿಸಿ ಯುಎ: ಐಇಸಿ 62541. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಬೆಸೆಯಲು. ಮೌಲ್ಯದ ಜೊತೆ ಅದರ ಅರ್ಥವನ್ನೂ ಸಾಗಿಸುತ್ತದೆ.

5. ವೈರ್‌ಲೆಸ್‌ಹಾರ್ಟ್: ಐಇಸಿ 62591, 2.4 ಗಿಗಾಹರ್ಟ್ಸ್, ಮೆಶ್ ಜಾಲ.

ಗೊಂದಲದ ಜೋಡಿಗಳು:
• ಎಂಕ್ಯೂಟಿಟಿ ಟಿಸಿಪಿ ಮೇಲೆ. ಸಿಒಎಪಿ ಮೂಲತಃ ಯುಡಿಪಿ ಮೇಲೆ. ಪರೀಕ್ಷೆಯಲ್ಲಿ ಅದಲುಬದಲು ಮಾಡಿ ಕೇಳುವುದು ಸುಲಭ.
• ಆರ್‌ಎಸ್-485 ವಿದ್ಯುತ್ ಸಂಕೇತದ ಮಾನಕ; ಅದರ ಮೇಲೆ ಸಾಗುವ ಮೋಡ್‌ಬಸ್ ಆರ್‌ಟಿಯು ಪ್ರೋಟೊಕಾಲ್.
• ಲೋರಾ ರೇಡಿಯೊ ಮಾಡ್ಯುಲೇಶನ್ ತಂತ್ರ. ಲೋರಾವಾನ್ ಅದರ ಮೇಲಿನ ಜಾಲ ನಿಯಮ. ಭಾರತದಲ್ಲಿ 865–867 ಮೆಗಾಹರ್ಟ್ಸ್. ದೂರ ಹೆಚ್ಚು, ವೇಗ ಕಡಿಮೆ. ಕ್ಷಣಾರ್ಧದ ಯಂತ್ರ ನಿಯಂತ್ರಣಕ್ಕೆ ಸಲ್ಲದು, ಅಲ್ಲಿ ಈಥರ್‌ಕ್ಯಾಟ್ ಅಥವಾ ಪ್ರೊಫಿನೆಟ್‌ನಂಥ ಕೈಗಾರಿಕಾ ಈಥರ್ನೆಟ್ ಪ್ರೋಟೊಕಾಲ್ ಬೇಕು.