ಡಾ. ಕೆ. ವೆಂಕಟಲಕ್ಷಮ್ಮ: ಕಡೂರಿನ ತಾಂಡ್ಯದಿಂದ ಮೈಸೂರು ಆಸ್ಥಾನಕ್ಕೆ (ಮುಖ್ಯಾಂಶಗಳು)

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಬಗ್ಗೆ ಪರೀಕ್ಷೆಗೆ ಓದುವಾಗ ದೇವನೂರಿನ ಲಕ್ಷ್ಮೀಶ, ಅಮೃತಾಪುರದ ಅಮೃತೇಶ್ವರ ದೇವಾಲಯ, ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರ ತಪ್ಪದೆ ಬರುತ್ತವೆ. ಅದೇ ಸಾಲಿನಲ್ಲಿ ಓದಬೇಕಾದ ಇನ್ನೊಂದು ಹೆಸರು ಕೆ. ವೆಂಕಟಲಕ್ಷಮ್ಮ. ಅರಮನೆಯ ಅಭಿನಯ ಕಲೆಯನ್ನು ವಿಶ್ವವಿದ್ಯಾನಿಲಯದ ತರಗತಿಗೆ ತಂದ ಕಲಾವಿದೆ ಅವರು. ಪ್ರಶಸ್ತಿಗಳ ಪಟ್ಟಿಯನ್ನಷ್ಟೇ ಬಾಯಿಪಾಠ ಮಾಡಿದರೆ ಅವರ ಸಾಧನೆಯ ಅರ್ಧ ಭಾಗ ಕೈತಪ್ಪುತ್ತದೆ. ಆದ್ದರಿಂದ ಇಸವಿಗಳ ಜೊತೆಗೆ ಅವುಗಳ ಹಿನ್ನೆಲೆಯನ್ನೂ ಇಲ್ಲಿ ಕೊಡಲಾಗಿದೆ.

ಒಂದೇ ನೋಟದಲ್ಲಿ

• ಜನನ: 29 ಮೇ 1906, ತಂಗಲಿ ತಾಂಡ್ಯ, ಕಡೂರು
• ಸಮುದಾಯ: ಲಂಬಾಣಿ (ಬಂಜಾರ)
• ಕ್ಷೇತ್ರ: ಭರತನಾಟ್ಯ, ಮೈಸೂರು ಶೈಲಿ, ವಿಶೇಷವಾಗಿ ಅಭಿನಯ
• ಗುರು: ನಾಟ್ಯ ಸರಸ್ವತಿ ಜಟ್ಟಿ ತಾಯಮ್ಮ
• ಆಸ್ಥಾನ ವಿದುಷಿ: 1939
• ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ: 1964
• ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯದ ಮೊದಲ ರೀಡರ್: 1965
• ನಿವೃತ್ತಿ: 1974
• ಗೌರವ ಡಾಕ್ಟರೇಟ್, ಮೈಸೂರು ವಿಶ್ವವಿದ್ಯಾನಿಲಯ: 1977
• ಪದ್ಮಭೂಷಣ: 1992
• ನಿಧನ: 1 ಜುಲೈ 2002

ಹುಟ್ಟೂರು ಮತ್ತು ಬಾಲ್ಯ

• ವೆಂಕಟಲಕ್ಷಮ್ಮ ಹುಟ್ಟಿದಾಗ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಜಿಲ್ಲಾ ಕೇಂದ್ರ ಮಾತ್ರ ಆಗಲೇ ಚಿಕ್ಕಮಗಳೂರಿನಲ್ಲಿತ್ತು. ಜಿಲ್ಲೆಗೆ ಈಗಿನ ಹೆಸರು ಬಂದದ್ದು 1947ರಲ್ಲಿ. ಅಜ್ಜಂಪುರ ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿತ್ತು, ಈಗ ಪ್ರತ್ಯೇಕ ತಾಲ್ಲೂಕು.
• ಎಂಟನೆಯ ವಯಸ್ಸಿನಲ್ಲಿ ಅಜ್ಜ ಅಜ್ಜಿ ಅವರನ್ನು ಮೈಸೂರಿಗೆ ಕರೆದೊಯ್ದು ಜಟ್ಟಿ ತಾಯಮ್ಮನವರ ಬಳಿ ಬಿಟ್ಟರು. ಅಲ್ಲಿಂದ ಕಟ್ಟುನಿಟ್ಟಿನ ಗುರುಕುಲ ಶಿಕ್ಷಣ.
• ನೃತ್ಯದ ಜೊತೆಗೆ ಸಂಸ್ಕೃತ ಮತ್ತು ಸಂಗೀತ ಎರಡನ್ನೂ ಕಲಿತರು. ಸಂಸ್ಕೃತ ಪಾಠ ಆಸ್ಥಾನ ವಿದ್ವಾಂಸರಾದ ದೇವೋತ್ತಮ ಜೋಯಿಸ್, ಶಾಂತಾಶಾಸ್ತ್ರಿ ಮತ್ತು ಗಿರಿಭಟ್ಟರಿಂದ ಆಯಿತು. ಕರ್ನಾಟಕ ಸಂಗೀತವನ್ನು ಬಿ. ದೇವೇಂದ್ರಪ್ಪ ಮೊದಲಾದವರಿಂದ ಕಲಿತರು. ದೇವೇಂದ್ರಪ್ಪನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು.
• ಈ ಮೂರೂ ವಿದ್ಯೆಗಳು ಒಂದಕ್ಕೊಂದು ಬೇಕಾಗಿದ್ದವು. ಶ್ಲೋಕದ ಅನ್ವಯ ತಿಳಿಯದೆ ಭಾವ ಹಿಡಿಯಲಾಗದು. ರಾಗ ತಿಳಿಯದೆ ಆ ಭಾವವನ್ನು ಸಾಲಿನ ಉದ್ದಕ್ಕೂ ಉಳಿಸಿಕೊಳ್ಳಲಾಗದು.

ಗುರು ಜಟ್ಟಿ ತಾಯಮ್ಮ (1857–1947)

• ಮೈಸೂರು ಆಸ್ಥಾನದ ಹೆಸರಾಂತ ನರ್ತಕಿ. ತಂದೆ ದಾಸಪ್ಪ ಜಟ್ಟಿ, ಅಂದರೆ ಕುಸ್ತಿಪಟು.
• ಅಭಿನಯದಲ್ಲಿ, ಅದರಲ್ಲೂ ಕ್ಷೇತ್ರಯ್ಯನ ಪದಗಳ ಅಭಿನಯದಲ್ಲಿ ಪ್ರಸಿದ್ಧಿ ಪಡೆದವರು.
• ಕರ್ನಾಟಕದ ಖ್ಯಾತ ನೃತ್ಯಗಾರ ಯು. ಎಸ್. ಕೃಷ್ಣರಾವ್ ಅವರೂ ತಾಯಮ್ಮನವರ ಬಳಿ ಕಲಿತವರು.
• ವೆಂಕಟಲಕ್ಷಮ್ಮ ಗುರುವಿನ ಜೊತೆಯಲ್ಲಿಯೇ ದೀರ್ಘಕಾಲ ನರ್ತಿಸಿದರು. ಕಲಿತು ಮುಗಿಸಿ ಹೊರಡುವ ಪದ್ಧತಿ ಅಲ್ಲಿರಲಿಲ್ಲ. ಗುರುವಿನ ಪಕ್ಕದಲ್ಲಿ ಹೆಜ್ಜೆ ಹಾಕುವುದೂ ಕಲಿಕೆಯ ಭಾಗವೇ ಆಗಿತ್ತು.

ಆಸ್ಥಾನ ವಿದುಷಿ

• 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೆಂಕಟಲಕ್ಷಮ್ಮನವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. ಆಗ ಅವರ ವಯಸ್ಸು 33.
• ಮರುವರ್ಷವೇ, 1940ರಲ್ಲಿ, ನಾಲ್ವಡಿಯವರು ತೀರಿಕೊಂಡರು. ಮುಂದೆ ಜಯಚಾಮರಾಜ ಒಡೆಯರ ಕಾಲದಲ್ಲಿಯೂ ಅವರ ಸೇವೆ ನಡೆಯಿತು. ಜಯಚಾಮರಾಜ ಒಡೆಯರು ಸ್ವತಃ ಶ್ರೀವಿದ್ಯಾ ಅಂಕಿತದ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು.
• ನೆನಪಿಡಿ: ನೇಮಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು, ಸೇವೆ ಇಬ್ಬರು ಒಡೆಯರ ಕಾಲದಲ್ಲಿ.

ಕಾಲದ ಹಿನ್ನೆಲೆ

• 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಷೇಧಿಸಿತು. ಮದ್ರಾಸ್ ಪ್ರಾಂತ್ಯದಲ್ಲಿ ದೇವದಾಸಿ ಸಮರ್ಪಣೆಯನ್ನು ತಡೆಯುವ ಕಾಯ್ದೆ ಬಂದದ್ದು 1947ರಲ್ಲಿ.
• ಶೋಷಣೆಯ ಪದ್ಧತಿ ಹೋಗಲೇಬೇಕಿತ್ತು. ಆದರೆ ಅದರ ಜೊತೆಗೆ ನೃತ್ಯವನ್ನೇ ಕೀಳಾಗಿ ಕಾಣುವ ಮನೋಭಾವವೂ ಬೆಳೆಯಿತು. ತಲೆಮಾರುಗಳಿಂದ ಕಲೆಯನ್ನು ಕಾಪಾಡಿದ ಹೆಣ್ಣುಮಕ್ಕಳಿಗೆ ವೇದಿಕೆ ಮತ್ತು ಗೌರವ ಎರಡೂ ಕಡಿಮೆಯಾದವು.
• ರುಕ್ಮಿಣಿದೇವಿ ಅರುಂಡೇಲ್ ಮದ್ರಾಸಿನಲ್ಲಿ ಕಲಾಕ್ಷೇತ್ರ ಸ್ಥಾಪಿಸಿದ್ದು 1936ರಲ್ಲಿ. ಅಲ್ಲಿ ನೃತ್ಯ ಹೊಸ ರೂಪದಲ್ಲಿ ಶಿಕ್ಷಿತ ಕುಟುಂಬಗಳನ್ನು ತಲುಪಿತು. ಮೈಸೂರಿನಲ್ಲಿ ಹಳೆಯ ಆಸ್ಥಾನ ಪರಂಪರೆಯಿಂದಲೇ ಬಂದ ವೆಂಕಟಲಕ್ಷಮ್ಮ ಆ ಕಲೆಯನ್ನು ಹೊಸ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಅವರ ಸ್ಥಾನ ವಿಶಿಷ್ಟವಾಗುವುದು ಇದರಿಂದ.

ಮೈಸೂರು ಶೈಲಿಯ ಅಭಿನಯ

• ಅಭಿನಯದ ನಾಲ್ಕು ವಿಧಗಳು: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಮೈಸೂರು ಶೈಲಿಯಲ್ಲಿ ಬಿರುಸಾದ ಹೆಜ್ಜೆಗಿಂತ ಭಾವಕ್ಕೆ ಹೆಚ್ಚಿನ ಮಹತ್ವ.
• ಬಳಸುವ ಸಾಹಿತ್ಯ: ಕ್ಷೇತ್ರಯ್ಯನ ಪದಗಳು (17ನೆಯ ಶತಮಾನ, ತೆಲುಗು), ಜಯದೇವನ ಗೀತಗೋವಿಂದದ ಅಷ್ಟಪದಿಗಳು (12ನೆಯ ಶತಮಾನ, ಸಂಸ್ಕೃತ), ಜಾವಳಿಗಳು, ಅಮರುಕ ಶತಕದಂಥ ಸಂಸ್ಕೃತ ಶ್ಲೋಕಗಳು.
• ಅಷ್ಟನಾಯಿಕೆಯರು: ವಾಸಕಸಜ್ಜಿಕೆ, ವಿರಹೋತ್ಕಂಠಿತೆ, ಸ್ವಾಧೀನಪತಿಕೆ, ಕಲಹಾಂತರಿತೆ, ಖಂಡಿತೆ, ವಿಪ್ರಲಬ್ಧೆ, ಪ್ರೋಷಿತಪತಿಕೆ, ಅಭಿಸಾರಿಕೆ.
• ಸಂಚಾರಿ ಎಂದರೇನು? ಹಾಡಿನ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ಕಲಾವಿದೆ ಪ್ರತಿ ಬಾರಿಯೂ ಬೇರೆ ಅರ್ಥ ತೋರಿಸುತ್ತಾಳೆ. ನಾಯಕ ಇನ್ನೂ ಬಂದಿಲ್ಲ ಎಂಬ ಸಂದರ್ಭವನ್ನೇ ತೆಗೆದುಕೊಳ್ಳಿ. ಮೊದಲ ಸಲ ನಾಯಿಕೆಯ ಕಣ್ಣು ಬಾಗಿಲ ಕಡೆ ಹೊರಳುತ್ತದೆ. ಎರಡನೆಯ ಸಲ ಮುಡಿದ ಹೂವನ್ನು ಮುಟ್ಟಿ, ಬಾಡಿತೆಂದು ಕೈ ಕೆಳಗಿಳಿಸುತ್ತಾಳೆ. ಮೂರನೆಯ ಸಲ ಹುಬ್ಬು ಗಂಟಿಕ್ಕುತ್ತದೆ, ಕಾತರ ಹೋಗಿ ಮುನಿಸು ಬಂದಿರುತ್ತದೆ. ಸಾಹಿತ್ಯ ಅದೇ, ರಾಗವೂ ಅದೇ, ಬದಲಾದದ್ದು ಮನಸ್ಸು.
• ವೆಂಕಟಲಕ್ಷಮ್ಮ ಇಳಿವಯಸ್ಸಿನಲ್ಲಿಯೂ ಕುಳಿತಲ್ಲಿಯೇ ಅಭಿನಯ ಮಾಡಿ ತೋರಿಸುತ್ತಿದ್ದರು. ಕಣ್ಣು, ಹುಬ್ಬು, ತುಟಿ, ಹಸ್ತ ಇಷ್ಟರಿಂದಲೇ ಪಾತ್ರ ಕಟ್ಟುವ ಶಕ್ತಿ ಈ ಶೈಲಿಗೆ ಇದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಅಧ್ಯಾಪಕಿಯಾಗಿ

• ಭಾರತೀಯ ನೃತ್ಯ ನಿಕೇತನ ಎಂಬ ಸ್ವಂತ ಶಾಲೆ ಆರಂಭಿಸಿದರು.
• 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ತೆರೆದಾಗ ಅದರ ಮೊದಲ ರೀಡರ್ ಆದರು. ಒಂಬತ್ತು ವರ್ಷ ಪಾಠ ಹೇಳಿ 1974ರಲ್ಲಿ ನಿವೃತ್ತರಾದರು.
• ತಾವು ಯಾವ ಪದವಿಗೂ ಓದದೆ ಗುರುಮನೆಯಲ್ಲಿ ಕಲಿತವರು ಪದವಿ ತರಗತಿಗೆ ಅಧ್ಯಾಪಕರಾದರು. 1977ರಲ್ಲಿ ಅದೇ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಗುರುಕುಲದ ವಿದ್ಯೆಗೆ ಆಧುನಿಕ ವಿದ್ಯಾಸಂಸ್ಥೆ ತೋರಿದ ಮನ್ನಣೆ ಇದು.
• ಶಿಷ್ಯೆಯರಲ್ಲಿ ಬೆಂಗಳೂರಿನ ನೂಪುರ ಸಂಸ್ಥೆಯ ಲಲಿತಾ ಶ್ರೀನಿವಾಸನ್ ಪ್ರಮುಖರು. ಮೈಸೂರು ಶೈಲಿ ಇಂದಿಗೂ ರಂಗದ ಮೇಲೆ ಉಳಿದಿರುವುದಕ್ಕೆ ಇಂಥ ಶಿಷ್ಯಪರಂಪರೆಯೇ ಕಾರಣ.

ಗೊಂದಲವಾಗುವ ಅಂಶಗಳು

• ಪದ್ಮ ಪ್ರಶಸ್ತಿಗಳ ಕ್ರಮ: ಪದ್ಮವಿಭೂಷಣ, ಪದ್ಮಭೂಷಣ, ಪದ್ಮಶ್ರೀ. ವೆಂಕಟಲಕ್ಷಮ್ಮನವರಿಗೆ ಬಂದದ್ದು ಪದ್ಮಭೂಷಣ.

• ಅಕಾಡೆಮಿ ಮಾನ್ಯ ಮಾಡಿದ ಎಂಟು ಶಾಸ್ತ್ರೀಯ ನೃತ್ಯಗಳಲ್ಲಿ ಮೈಸೂರು ಶೈಲಿ ಪ್ರತ್ಯೇಕ ಹೆಸರಲ್ಲ. ಅದು ಭರತನಾಟ್ಯದ ಒಂದು ಶೈಲಿ.
• ನಾಟ್ಯಶಾಸ್ತ್ರದ ಕರ್ತೃ ಭರತ. ಅಭಿನಯದರ್ಪಣದ ಕರ್ತೃ ನಂದಿಕೇಶ್ವರ.

ಥಟ್ಟನೆ ಉತ್ತರಿಸಿ

1. ವೆಂಕಟಲಕ್ಷಮ್ಮ ಹುಟ್ಟಿದ ತಾಂಡ್ಯ ಯಾವುದು? ತಂಗಲಿ ತಾಂಡ್ಯ, ಕಡೂರು.
2. ಅವರಿಗೆ ನೃತ್ಯ ಕಲಿಸಿದವರು ಯಾರು? ಜಟ್ಟಿ ತಾಯಮ್ಮ.
3. ಆಸ್ಥಾನ ವಿದುಷಿಯಾದ ವರ್ಷ? 1939.
4. ವಿಶ್ವವಿದ್ಯಾನಿಲಯದಲ್ಲಿ ಅವರು ವಹಿಸಿದ ಹುದ್ದೆ? ನೃತ್ಯ ವಿಭಾಗದ ಮೊದಲ ರೀಡರ್.
5. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಮೊದಲೋ, ಗೌರವ ಡಾಕ್ಟರೇಟೋ? ಅಕಾಡೆಮಿ ಪ್ರಶಸ್ತಿ (1964), ಆಮೇಲೆ ಡಾಕ್ಟರೇಟ್ (1977).

ದೀರ್ಘ ಉತ್ತರ ಬರೆಯುವವರಿಗೆ

ಉತ್ತರವನ್ನು ಮೂರು ಘಟ್ಟಗಳಲ್ಲಿ ಕಟ್ಟಿ: ಗುರುಮನೆ, ಅರಮನೆ, ವಿಶ್ವವಿದ್ಯಾನಿಲಯ. ಪ್ರತಿ ಘಟ್ಟಕ್ಕೂ ಒಂದು ಇಸವಿ, ಒಂದು ಹೆಸರು, ಒಂದು ಕಾರಣ ಇರಲಿ. ಪ್ರಶಸ್ತಿಗಳನ್ನು ಕೊನೆಯ ಎರಡು ಸಾಲುಗಳಿಗೆ ಮೀಸಲಿಡಿ. ರಾಜಾಶ್ರಯ ಕೊನೆಗೊಂಡ ಮೇಲೂ ಒಂದು ಕಲೆ ಹೇಗೆ ಬದುಕಿತು ಎಂಬ ಪ್ರಶ್ನೆಗೆ ವೆಂಕಟಲಕ್ಷಮ್ಮನವರ ಬದುಕೇ ಉತ್ತರ: ಕಲಿತವರು ಕಲಿಸಿದ್ದರಿಂದ ಬದುಕಿತು. ಲಂಬಾಣಿ ತಾಂಡ್ಯದ ಹೆಣ್ಣುಮಗಳೊಬ್ಬರು ಆ ಕೆಲಸ ಮಾಡಿದರು ಎಂಬುದನ್ನು ಉತ್ತರದಲ್ಲಿ ಮರೆಯದೆ ಬರೆಯಿರಿ. ಅದು ಕಡೂರು ಸೀಮೆಯ ವಿದ್ಯಾರ್ಥಿಗಳು ಅಭಿಮಾನದಿಂದ ಹೇಳಿಕೊಳ್ಳಬೇಕಾದ ಚರಿತ್ರೆ.