ಬಳ್ಳಿಯಲ್ಲಿ ನೆಲೆಸಿರುವುದು

ಮೊದಲು ಓದಿಕೊಳ್ಳಿ: ಸಂತ ಯೊವಾನ್ನರ ಶುಭಸಂದೇಶ, ಅಧ್ಯಾಯ 15, ವಚನ 1 ರಿಂದ 11



ಗುರುಗಳು ಬರೆದ ಪಾಠಗಳ ನಡುವೆ ಕಚೇರಿ ಗುಮಾಸ್ತನದ್ದೇನು ಬರಹ ಅಂತ ನೀವು ಕೇಳಬಹುದು. ಇದಕ್ಕೆ ಕಾರಣ ಒಬ್ಬ ತಾಯಿ. ಕಳೆದ ವರ್ಷ ಹಬ್ಬ ಮುಗಿದ ಮರುದಿನ ಅವರು ಕೌಂಟರಿಗೆ ಬಂದು ತೀರಿಹೋದ ಯಜಮಾನರ ಹೆಸರಿಗೆ ಪೂಜೆ ಬರೆಸಿದರು. ರಸೀದಿ ಕೈಗೆ ಬಂದ ಮೇಲೂ ಹೋಗಲಿಲ್ಲ. "ಅಣ್ಣಾ, ಹದಿನೆಂಟು ವರ್ಷದಿಂದ ಬರ್ತಾ ಇದೀನಿ. ಬೆಟ್ಟದ ಮೇಲೆ ಇರೋವರೆಗೂ ಮನಸ್ಸು ತುಂಬಿರುತ್ತೆ. ಬಸ್ಸು ಹತ್ತಿ ಮನೆ ಸೇರೋ ಹೊತ್ತಿಗೆ ಎಲ್ಲಾ ಬರಿದಾಗಿರುತ್ತೆ. ನನ್ನ ಭಕ್ತೀಲಿ ಏನಾದ್ರೂ ಕೊರತೆ ಇದೆಯಾ?" ಅಂದರು. ಹಿಂದೆ ಉದ್ದ ಸಾಲಿತ್ತು. "ಫಾದರ್ ಹತ್ರ ಮಾತಾಡಿ ಅಮ್ಮ" ಅಂತ ಹೇಳಿ ಮುಂದಿನವರ ಚೀಟಿ ತೆಗೆದುಕೊಂಡೆ.

ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಏಕೆಂದರೆ ಅದೇ ಪ್ರಶ್ನೆ ಕೆಲವು ವರ್ಷಗಳ ಹಿಂದೆ ನನ್ನದೂ ಆಗಿತ್ತು. ಅದಕ್ಕೆ ನನಗೆ ಉತ್ತರವೂ ಸಿಕ್ಕಿತ್ತು. ಆದರೂ ಸಾಲು ನೋಡಿ ಆ ತಾಯಿಯನ್ನು ಕಳಿಸಿಬಿಟ್ಟೆ. ನಿರ್ದೇಶಕ ಗುರುಗಳ ಬಳಿ ಇದನ್ನು ಹೇಳಿಕೊಂಡಾಗ "ಅವರಿಗೆ ಹೇಳಬೇಕಾಗಿದ್ದನ್ನು ಬರೆದು ಕೊಡಿ, ಪುಸ್ತಿಕೆಗೆ ಹಾಕೋಣ" ಎಂದರು. ಪಿಯುಸಿ ಓದಿದವನು ನಾನು, ದೈವಶಾಸ್ತ್ರ ಓದಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಯೇಸುಸ್ವಾಮಿ ದ್ರಾಕ್ಷಿ ಬಳ್ಳಿಯ ಮಾತನ್ನು ಹೇಳಿದ್ದು ತಮ್ಮ ಮರಣದ ಹಿಂದಿನ ರಾತ್ರಿ, ಕಡೆಯ ಭೋಜನದ ಸಂದರ್ಭದಲ್ಲಿ. ಇನ್ನು ಸ್ವಲ್ಪ ಹೊತ್ತಿಗೆ ಅವರನ್ನು ಹಿಡಿದು ಒಯ್ಯುತ್ತಾರೆ, ಶಿಷ್ಯರು ದಿಕ್ಕಾಪಾಲಾಗುತ್ತಾರೆ. ಅಂಥ ಹೊತ್ತಿನಲ್ಲಿ ತಾವೇ ಬಳ್ಳಿ, ತಂದೆಯೇ ತೋಟಗಾರ, ಶಿಷ್ಯರೇ ಕವಲುಗಳು ಎನ್ನುತ್ತಾರೆ. ಬೈಬಲ್ ತರಗತಿಯಲ್ಲಿ ಒಬ್ಬ ಗುರುಗಳು ನಮಗೊಂದು ವಿಷಯ ತೋರಿಸಿಕೊಟ್ಟಿದ್ದರು. ಗ್ರೀಕ್ ಮೂಲದಲ್ಲಿ 4 ರಿಂದ 10ನೇ ವಚನದೊಳಗೆ ಒಂದೇ ಕ್ರಿಯಾಪದ ಹತ್ತು ಸಲ ಬರುತ್ತದೆ. ಉಳಿ, ತಂಗು, ನೆಲೆಸು ಎಂದು ಅದರ ಅರ್ಥ. ಇನ್ನೂ ಒಂದು ವಿಶೇಷ ಏನೆಂದರೆ, ಹಣ್ಣಿನ ಮಾತು ಇಲ್ಲಿ ಮತ್ತೆ ಮತ್ತೆ ಬಂದರೂ ಹಣ್ಣು ಬಿಡಿರಿ ಎಂಬ ಅಪ್ಪಣೆ ಎಲ್ಲಿಯೂ ಇಲ್ಲ. ಅಪ್ಪಣೆ ಇರುವುದು ನೆಲೆಸಿರಿ ಎಂಬುದಕ್ಕೆ. ನಾನು ಎಷ್ಟೋ ವರ್ಷ ಇದನ್ನು ತಿರುವುಮುರುವಾಗಿ ಓದಿದ್ದೆ. ಹಣ್ಣು ಬಿಡಬೇಕು, ಬಿಡದಿದ್ದರೆ ಕಡಿದು ಬೆಂಕಿಗೆ ಹಾಕುತ್ತಾರೆ ಎಂಬ ಭಯವೇ ನನ್ನ ತಲೆಯಲ್ಲಿ ಇತ್ತು.

ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಿಂದ ಬರುವವರಿಗೆ ದ್ರಾಕ್ಷಿ ವಿಷಯ ನಾನು ಹೇಳಬೇಕಾಗಿಲ್ಲ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ನಿಮ್ಮ ಚಪ್ಪರದ್ದೇ. ವಿಜಯಪುರದ ಕಡೆಯವರಂತೂ ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು ಚಾಟ್ನಿ ಮಾಡುತ್ತಾರೆ. ಚಾಟ್ನಿ ಮಾಡಿದ ಮರುದಿನ ತೋಟಕ್ಕೆ ಹೋದರೆ ಹೊಟ್ಟೆ ಉರಿಯುತ್ತದೆ. ಎಲೆ ಇಲ್ಲ, ಕಾಯಿ ಇಲ್ಲ, ಚಪ್ಪರದ ತುಂಬ ಬರೀ ಒಣಕಟ್ಟಿಗೆ. ಆದರೆ ಸವರಿದ ತುದಿಯನ್ನು ಹತ್ತಿರದಿಂದ ನೋಡಿ. ಅಲ್ಲಿ ನೀರು ತೊಟ್ಟಿಕ್ಕುತ್ತಿರುತ್ತದೆ. ಬೇರು ಎಳೆದುಕೊಟ್ಟ ನೀರು ಅದು. ಕೆಲವೇ ದಿನಗಳಲ್ಲಿ ಕಣ್ಣೊಡೆದು ಹೊಸ ಚಿಗುರು ಬರುತ್ತದೆ. ದ್ರಾಕ್ಷಿ ಗೊನೆ ಕಟ್ಟುವುದು ಆ ಹೊಸ ಚಿಗುರಿನಲ್ಲೇ ಹೊರತು ಹಳೇ ಕಟ್ಟಿಗೆಯಲ್ಲಿ ಅಲ್ಲ.

ಇನ್ನು ಕತ್ತರಿಸಿದ ಕವಲೊಂದನ್ನು ಮನೆಗೆ ತಂದು ಹೂದಾನಿಯ ನೀರಿನಲ್ಲಿ ಇಡಿ. ಎರಡು ಮೂರು ದಿನ ಎಲೆ ಹಸಿರಾಗಿಯೇ ಇರುತ್ತದೆ. ತೋಟದಲ್ಲಿ ನಿಂತ ಆ ಬೋಳು ಕಟ್ಟಿಗೆಗಿಂತ ಇದೇ ಚೆಂದ ಕಾಣುತ್ತದೆ. ಯಾವುದಕ್ಕೆ ಜೀವ ಇದೆ ಹೇಳಿ?

ಆ ತಾಯಿಗೆ ಅಂದೇ ಹೇಳಬೇಕಾಗಿದ್ದ ಮೊದಲ ಮಾತು ಇದು. ಮನಸ್ಸು ತುಂಬಿರುವುದು ಬೇರೆ, ಕ್ರಿಸ್ತರಲ್ಲಿ ನೆಲೆಸಿರುವುದು ಬೇರೆ. ಬೋಳಾಗಿ ಕಂಡ ಮಾತ್ರಕ್ಕೆ ಕವಲು ಬಳ್ಳಿಯಿಂದ ಕಡಿದುಹೋಗಿದೆ ಅಂತಲ್ಲ. ಗಂಡನನ್ನು ಕಳೆದುಕೊಂಡ ಮನೆ ಬರಿದಾಗಿಯೇ ಇರುತ್ತದೆ. ಅದನ್ನು ಭಕ್ತಿಯ ಕೊರತೆ ಅನ್ನುವುದು ನ್ಯಾಯವಲ್ಲ.

ಈಗ ನನ್ನ ವಿಷಯ. ನಾನು ಈ ಕಚೇರಿಗೆ ಸೇರಿ ಮೂವತ್ತು ವರ್ಷ ದಾಟಿತು. ಪೂಜೆ ಬರೆಯುವುದು, ಹರಕೆ ಕಾಣಿಕೆ ಲೆಕ್ಕ, ನೊವೇನಾ ಪಟ್ಟಿ, ತೇರಿನ ದಿನ ಮೈಕಿನವರು, ನೀರಿನ ಟ್ಯಾಂಕರಿನವರು, ಪೊಲೀಸರು, ಎಲ್ಲರ ಜೊತೆ ಮಾತು. ಹಬ್ಬದ ಬಲಿಪೂಜೆಯನ್ನು ನಾನು ಕೇಳುವುದು ಕೌಂಟರಿನಲ್ಲಿ ಕೂತು ಧ್ವನಿವರ್ಧಕದಲ್ಲಿ. ಇದನ್ನೇ ದೊಡ್ಡ ತ್ಯಾಗ ಅಂದುಕೊಂಡಿದ್ದೆ. ಒಮ್ಮೆ ಹೆಂಡತಿ ಕೇಳಿದಳು: "ರೀ, ಬೆಟ್ಟದಲ್ಲೇ ಇರ್ತೀರಿ, ಆದ್ರೆ ಪರಮಪ್ರಸಾದ ತಗೊಳ್ಳೋಕೆ ನೀವು ಸಾಲಲ್ಲಿ ನಿಂತಿದ್ದು ನಾನು ನೋಡಿ ಎಷ್ಟು ದಿನ ಆಯ್ತು?" ನನಗೆ ಸಿಟ್ಟು ಬಂತು. ನಾನು ಮಾಡ್ತಿರೋದೆಲ್ಲ ದೇವರ ಕೆಲಸ ಅಲ್ವಾ ಅಂತ ರೇಗಿದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಬೆಟ್ಟದ ಗೇಟಿಗೆ ಬೀಗ ಬಿತ್ತು. ಪವಿತ್ರ ವಾರಕ್ಕೂ ಜನರಿಲ್ಲ. ನಾನು ಕಚೇರಿಗೆ ಹೋಗಿ ಧೂಳು ಹೊಡೆದು ಬರುತ್ತಿದ್ದೆ. ರಿಜಿಸ್ಟರ್ ಖಾಲಿ, ಹಾಗೆಯೇ ನಾನೂ ಖಾಲಿ. ಪ್ರಾರ್ಥನೆ ಮಾಡೋಣ ಅಂತ ಕೂತರೆ ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಸಾವಿರಾರು ಜನರ ಪ್ರಾರ್ಥನೆ ಬರೆದುಕೊಂಡವನಿಗೆ ತನ್ನದು ಅಂತ ಒಂದು ಪ್ರಾರ್ಥನೆ ಇರಲಿಲ್ಲ. ಆ ದಿನಗಳಲ್ಲಿ ಕಚೇರಿ ಬೀರು ಖಾಲಿ ಮಾಡುವಾಗ ಸಿಕ್ಕ ಹಳೇ ಪುಸ್ತಕವೊಂದರಲ್ಲಿ ವಿಯೆಟ್ನಾಂ ದೇಶದ ಕಾರ್ಡಿನಲ್ ಫ್ರಾನ್ಸಿಸ್ ಝೇವಿಯರ್ ವಾನ್ ಥುವಾನ್ ಅವರ ಕಥೆ ಓದಿದೆ. ಕಥೆ ಅಂದರೆ ಕಟ್ಟುಕಥೆಯಲ್ಲ, ನಡೆದದ್ದು.

ಅವರು ಹುಟ್ಟಿದ್ದು 1928ರಲ್ಲಿ. ನ್ಯಾ ತ್ರಾಂಗ್ ಎಂಬ ಊರಿನಲ್ಲಿ ಎಂಟು ವರ್ಷ ಧರ್ಮಾಧ್ಯಕ್ಷರಾಗಿದ್ದರು. ಗುರುಮಠಗಳು, ಯುವಕರ ಸಂಘಗಳು, ಶ್ರೀಸಾಮಾನ್ಯರ ತರಬೇತಿ ಎಂದು ಹಗಲು ರಾತ್ರಿ ದುಡಿದರು. 1975ರ ಏಪ್ರಿಲ್ 24ರಂದು ಅವರನ್ನು ಸೈಗಾನಿನ ಸಹ ಮಹಾಧರ್ಮಾಧ್ಯಕ್ಷರನ್ನಾಗಿ ನೇಮಿಸಲಾಯಿತು. ಆರೇ ದಿನಕ್ಕೆ ಸೈಗಾನ್ ನಗರ ಕಮ್ಯುನಿಸ್ಟ್ ಸೇನೆಯ ವಶವಾಯಿತು. ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನವೇ, ಅವರನ್ನು ಬಂಧಿಸಿದರು. ಮೈಮೇಲೆ ನಿಲುವಂಗಿ, ಜೇಬಿನಲ್ಲಿ ಜಪಸರ, ಅಷ್ಟೇ. ಯಾವ ವಿಚಾರಣೆಯೂ ಇಲ್ಲದೆ ಹದಿಮೂರು ವರ್ಷ ಸೆರೆ. ಅದರಲ್ಲಿ ಒಂಬತ್ತು ವರ್ಷ ಒಂಟಿ ಕೋಣೆ.

ಒಂದು ಕಾಲದಲ್ಲಿ ಅವರನ್ನು ಇಟ್ಟಿದ್ದ ಕೋಣೆಗೆ ಕಿಟಕಿಯೇ ಇರಲಿಲ್ಲ. ಸೆಖೆಗೆ ಉಸಿರು ಕಟ್ಟುತ್ತಿತ್ತು. ತೇವಕ್ಕೆ ಮಲಗುವ ಚಾಪೆಯ ಮೇಲೆ ಅಣಬೆ ಏಳುತ್ತಿದ್ದವು. ಬಾಗಿಲ ಅಡಿಯಲ್ಲಿದ್ದ ಸಣ್ಣ ತೂತಿಗೆ ಮೂಗು ಹಚ್ಚಿ ನೆಲದ ಮೇಲೆ ಮಲಗಿ ಉಸಿರಾಡುತ್ತಿದ್ದರು. ಅದಕ್ಕಿಂತ ಹೆಚ್ಚಿನ ಸಂಕಟ ಮನಸ್ಸಿನದ್ದು. ಇನ್ನೂ ಐವತ್ತು ತುಂಬದ ವಯಸ್ಸು, ಕಲಿತದ್ದೂ ಇದೆ, ಅನುಭವವೂ ಇದೆ, ಮಾಡಬೇಕಾದ ಕೆಲಸ ಬೆಟ್ಟದಷ್ಟಿದೆ. ಜನರನ್ನು ಬಿಟ್ಟು ಇಲ್ಲಿ ಕೊಳೆಯಬೇಕೇ? ದೇವರೇಕೆ ಹೀಗೆ ಮಾಡಿದರು? ಹೀಗೆ ನರಳುತ್ತಿದ್ದಾಗ ಒಂದು ರಾತ್ರಿ ಅವರ ಅಂತರಂಗದಲ್ಲಿ ಒಂದು ತಿಳಿವು ಮೂಡಿತು. ನೀನು ಮಾಡುತ್ತಿದ್ದುದೆಲ್ಲ ಒಳ್ಳೆಯದೇ, ಅವು ದೇವರ ಕೆಲಸಗಳೇ. ಆದರೆ ಅವು ದೇವರಲ್ಲ. ಆ ಕೆಲಸಗಳನ್ನು ಬಿಡು ಎಂದು ದೇವರು ಬಯಸಿದರೆ ಬಿಟ್ಟುಬಿಡು. ಅವನ್ನು ನಿನಗಿಂತ ಚೆನ್ನಾಗಿ ಮಾಡುವವರ ಕೈಗೆ ಅವರು ಕೊಡಬಲ್ಲರು. ನೀನು ಆರಿಸಿಕೊಂಡದ್ದು ದೇವರನ್ನು, ಅವರ ಕೆಲಸಗಳನ್ನಲ್ಲ. ಇದು ಅವರಿಗೆ ಹೊಸ ಶಾಂತಿ ಕೊಟ್ಟಿತೆಂದು ಮುಂದೆ ಅವರೇ ಸಾಕ್ಷಿ ಹೇಳಿದರು.

ಈ ಪುಟ ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಹೆಂಡತಿಗೆ ಕೊಟ್ಟ ಉತ್ತರ ನೆನಪಾಯಿತು.

ಹಾಗಾದರೆ ಸೆರೆಮನೆಯಲ್ಲಿ ಅವರು ಬಳ್ಳಿಗೆ ಅಂಟಿಕೊಂಡದ್ದು ಹೇಗೆ? ಅಗತ್ಯ ವಸ್ತುಗಳಿಗೆ ಪತ್ರ ಬರೆಯಲು ಅನುಮತಿ ಸಿಕ್ಕಾಗ, ಹೊಟ್ಟೆ ನೋವಿಗೆ ಔಷಧಿಯಾಗಿ ಸ್ವಲ್ಪ ದ್ರಾಕ್ಷಾರಸ ಕಳಿಸಿ ಎಂದು ಬರೆದರು. ಜನಕ್ಕೆ ಅರ್ಥವಾಯಿತು. ಹೊಟ್ಟೆ ನೋವಿನ ಔಷಧಿ ಎಂದು ಚೀಟಿ ಅಂಟಿಸಿ ಒಂದು ಸಣ್ಣ ಬಾಟಲಿ ಕಳಿಸಿದರು. ರೊಟ್ಟಿಯ ಬಿಲ್ಲೆಗಳನ್ನು ತೇವ ತಾಗದಂತೆ ಟಾರ್ಚಿನೊಳಗೆ ಅಡಗಿಸಿದ್ದರು. ಅಂದಿನಿಂದ ಮೂರು ತೊಟ್ಟು ದ್ರಾಕ್ಷಾರಸ, ಒಂದು ತೊಟ್ಟು ನೀರು, ಅಂಗೈಯೇ ಪಾನಪಾತ್ರೆ, ಅಂಗೈಯೇ ಬಲಿಪೀಠ. ಹೀಗೆ ಬಲಿಪೂಜೆ ಅರ್ಪಿಸಿದರು. ಶಿಬಿರದಲ್ಲಿ ಐವತ್ತು ಕೈದಿಗಳನ್ನು ಒಂದೇ ಹಾಸಿಗೆ ಹಲಗೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದರು, ಒಬ್ಬೊಬ್ಬರಿಗೆ 50 ಸೆಂಟಿಮೀಟರ್ ಜಾಗ. ರಾತ್ರಿ ಒಂಬತ್ತೂವರೆಗೆ ದೀಪ ಆರಿಸಿದ ಮೇಲೆ ಅವರು ಬಗ್ಗಿ ಕೂತು ಬಾಯಿಪಾಠದಿಂದಲೇ ಪೂಜೆ ಮಾಡಿ, ಪಕ್ಕದ ಕಥೋಲಿಕರಿಗೆ ಸೊಳ್ಳೆಪರದೆಯ ಕೆಳಗಿಂದ ಪರಮಪ್ರಸಾದ ದಾಟಿಸುತ್ತಿದ್ದರು. ಸಿಗರೇಟು ಪೊಟ್ಟಣದ ಕಾಗದದಿಂದ ಸಣ್ಣ ಚೀಲ ಮಾಡಿ ಅದರಲ್ಲಿ ಪರಮಪ್ರಸಾದ ಇಟ್ಟುಕೊಳ್ಳುತ್ತಿದ್ದರು.

ಇಲ್ಲಿ ಪಾನಪಾತ್ರೆ ಹೊಳೆಯುತ್ತಿಲ್ಲ ಅಂತ ಪೀಠಸೇವೆ ಹುಡುಗರನ್ನು ಗದರಿಸಿದವನು ನಾನು.

ಅವರಿಗೆ ಕಾಯಿಲೆ, ಆಯಾಸ ಹೆಚ್ಚಾಗಿ ಒಂದು ಪ್ರಾರ್ಥನೆಯನ್ನೂ ಪೂರ್ತಿ ಹೇಳಲಾಗದ ದಿನಗಳೂ ಇದ್ದವು. ಧರ್ಮಾಧ್ಯಕ್ಷರಿಗೇ ಹೀಗಾದರೆ ನಮ್ಮಂಥವರ ಪಾಡೇನು? ಅಂಥ ದಿನಗಳಲ್ಲಿ ಅವರಿಗೆ ಒಬ್ಬ ಮುದುಕನ ಕಥೆ ನೆನಪಾಗುತ್ತಿತ್ತು. ಆತ ದಿನಾ ಮಧ್ಯಾಹ್ನ ಚರ್ಚಿಗೆ ಬಂದು, ಯೇಸುವಿಗೆ ತನ್ನ ಹೆಸರು ಹೇಳಿ ಬಂದಿದ್ದೇನೆ ಎಂದಷ್ಟೇ ತಿಳಿಸಿ ಹೋಗುತ್ತಿದ್ದನಂತೆ. ಇವರೂ ಹಾಗೆಯೇ ಫ್ರಾನ್ಸಿಸ್ ಇಲ್ಲಿದ್ದಾನೆ ಎಂದು ಯೇಸುವಿಗೆ ಹೇಳಿ ಸುಮ್ಮನಿರುತ್ತಿದ್ದರು. ಮಾತು ಮುಗಿದ ಮೇಲೂ ಅವರು ನೆಲೆಸಿಯೇ ಇದ್ದರು ನೋಡಿ.

ಹಣ್ಣು ಬಿಡಲಿಲ್ಲವೇ? ಅವರು ಕೇಳದೆಯೇ ಬಿಟ್ಟಿತು. ಸೆರೆಯ ಮೊದಲ ತಿಂಗಳುಗಳಲ್ಲಿ, ಬೆಳಗಿನ ಪೂಜೆಯಿಂದ ಮನೆಗೆ ಹೋಗುತ್ತಿದ್ದ ಏಳು ವರ್ಷದ ಹುಡುಗನೊಬ್ಬನಿಗೆ ಸನ್ನೆ ಮಾಡಿ ಹಳೇ ಕ್ಯಾಲೆಂಡರ್ ಹಾಳೆಗಳನ್ನು ತರಿಸಿಕೊಂಡರು. ಅದರ ಹಿಂಬದಿಯಲ್ಲಿ ರಾತ್ರಿ ಕೂತು ಬರೆದ 1001 ಚಿಂತನೆಗಳು ಮುಂದೆ ಪುಸ್ತಕವಾಗಿ ಅನೇಕ ಭಾಷೆಗಳಿಗೆ ಹೋದವು. ಇನ್ನು ಕಾವಲುಗಾರರ ವಿಷಯ. ಎರಡು ವಾರಕ್ಕೊಮ್ಮೆ ಅವರನ್ನು ಬದಲಾಯಿಸುತ್ತಿದ್ದರು, ಈ ಮನುಷ್ಯನ ಸಹವಾಸದಿಂದ ಕೆಟ್ಟು ಹೋಗುತ್ತಾರೆ ಎಂದು. ಆಮೇಲೆ ಬದಲಾಯಿಸುವುದನ್ನೇ ನಿಲ್ಲಿಸಿದರು, ಹೀಗೇ ಬಿಟ್ಟರೆ ಎಲ್ಲ ಕಾವಲುಗಾರರೂ ಕೆಡುತ್ತಾರೆ ಎಂದು! ಅವರಲ್ಲೊಬ್ಬ, ಸಿಕ್ಕಿಬಿದ್ದರೆ ತನಗೇ ಶಿಕ್ಷೆ ಎಂದು ತಿಳಿದೂ, ಮರದ ಚೂರೊಂದರಿಂದ ಶಿಲುಬೆ ಕತ್ತರಿಸಿಕೊಳ್ಳಲು ಬಿಟ್ಟ. ಇನ್ನೊಬ್ಬ ಕರೆಂಟಿನ ತಂತಿಯನ್ನೂ ಇಕ್ಕಳವನ್ನೂ ತಂದುಕೊಟ್ಟ, ಅದರಿಂದ ಸರಪಣಿ ಆಯಿತು. 1988ರ ನವೆಂಬರ್ 21ರಂದು ಬಿಡುಗಡೆಯಾದ ಮೇಲೂ ಅವರು ಎದೆಯ ಮೇಲೆ ಧರಿಸುತ್ತಿದ್ದುದು ಅದೇ ಶಿಲುಬೆಯನ್ನು. 2000ದಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅವರಿಗೇ ತಪಸ್ಸು ಕಾಲದ ಧ್ಯಾನಕೂಟ ನಡೆಸಿಕೊಟ್ಟರು, 2001ರಲ್ಲಿ ಕಾರ್ಡಿನಲ್ ಆದರು, 2002ರ ಸೆಪ್ಟೆಂಬರ್ 16ರಂದು ರೋಮಿನಲ್ಲಿ ತೀರಿಕೊಂಡರು. ಸಂತ ಪದವಿಯ ಹಾದಿಯ ಒಂದು ಮೆಟ್ಟಿಲಾಗಿ 2017ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಸಾರಿತು.

ಯಾತ್ರಿಕ ಬಂಧುಗಳೇ, ಯಾತ್ರೆಯೂ ದೇವರ ಕೆಲಸವೇ. ಹರಕೆ, ಮೇಣದಬತ್ತಿ, ಬರಿಗಾಲಿನ ನಡಿಗೆ ಎಲ್ಲವೂ ಒಳ್ಳೆಯವೇ. ಅವನ್ನು ಕಡಿಮೆ ಮಾಡಿ ಎಂದು ಹೇಳುತ್ತಿಲ್ಲ, ಹಾಗೆ ಹೇಳಿದರೆ ಕಚೇರಿಯಲ್ಲಿ ನನ್ನನ್ನು ಇಟ್ಟುಕೊಳ್ಳಲಿಕ್ಕಿಲ್ಲ. ಆದರೆ ವರ್ಷಕ್ಕೊಮ್ಮೆ ಇಲ್ಲಿಂದ ನೀರು ತುಂಬಿಸಿಕೊಂಡು ಹೋದರೆ ಅದು ಹೂದಾನಿಯ ಕವಲು. ನಿಮ್ಮ ಊರಿನ ಚರ್ಚಿನಲ್ಲೂ ಇರುವುದು ಇದೇ ಪರಮಪ್ರಸಾದ. ಪಾಪನಿವೇದನೆ ಮಾಡಿ ವರ್ಷಗಳಾಗಿದ್ದರೆ ಇಲ್ಲೇ ಮಾಡಿಕೊಂಡು ಹೋಗಿ. ಮೂರನೇ ವಚನದಲ್ಲಿ ಶಿಷ್ಯರು ಶುದ್ಧರಾಗಿದ್ದಾರೆ ಎನ್ನಲು ಬಳಸಿದ ಪದವೂ, ಎರಡನೇ ವಚನದಲ್ಲಿ ಕವಲನ್ನು ಸವರುವುದಕ್ಕೆ ಬಳಸಿದ ಪದವೂ ಗ್ರೀಕಿನಲ್ಲಿ ಒಂದೇ ಬೇರಿನವು ಎಂದು ಆ ಗುರುಗಳು ಹೇಳಿದ್ದರು. ಮನೆಯಲ್ಲಿ ದೀರ್ಘ ಪ್ರಾರ್ಥನೆಗೆ ಪುರುಸೊತ್ತಿಲ್ಲದಿದ್ದರೆ ಅಂಗೈಯಲ್ಲಿ ಹಿಡಿಯುವಷ್ಟು ಮಾಡಿ, ಆದರೆ ದಿನಾ ಮಾಡಿ.

ನಾನು ಈಗ ಬೆಳಿಗ್ಗೆ ಕಚೇರಿ ಬೀಗ ತೆಗೆಯುವ ಮುಂಚೆ ದೇವಾಲಯಕ್ಕೆ ಹೋಗಿ ಪರಮಪ್ರಸಾದದ ಪೆಟ್ಟಿಗೆಯ ಮುಂದೆ ನಿಲ್ಲುತ್ತೇನೆ. ದಿನವಿಡೀ ಬೇರೆಯವರ ಹೆಸರು ಬರೆಯುವವನು ನಾನು. ಅಲ್ಲಿ ನನ್ನ ಹೆಸರು ಹೇಳುತ್ತೇನೆ, ಬಂದಿದ್ದೇನೆ ಸ್ವಾಮಿ ಎನ್ನುತ್ತೇನೆ. ಎಷ್ಟೋ ದಿನ ಮನಸ್ಸಿಗೆ ಏನೂ ಅನ್ನಿಸುವುದಿಲ್ಲ. ಭಾನುವಾರ ಎರಡನೇ ಪೂಜೆಯ ಹೊತ್ತಿಗೆ ಕೌಂಟರ್ ಅರ್ಧ ಗಂಟೆ ಮುಚ್ಚಿರುತ್ತದೆ. ಅದಕ್ಕೆ ಕೆಲವರು ಬೈದುಕೊಳ್ಳುತ್ತಾರೆ, ದಯವಿಟ್ಟು ಕ್ಷಮಿಸಿ, ಆಗ ನಾನು ಸಾಲಿನಲ್ಲಿ ಇರುತ್ತೇನೆ. ಹೆಂಡತಿ ನನ್ನ ಮುಂದೆ ನಿಂತಿರುತ್ತಾಳೆ.

ಆ ತಾಯಿ ಈ ವರ್ಷದ ಹಬ್ಬಕ್ಕೂ ಬರುತ್ತಾರೆಂದು ನಂಬಿದ್ದೇನೆ. ಅಮ್ಮಾ, ಈ ಪುಸ್ತಿಕೆ ನಿಮ್ಮ ಕೈ ಸೇರಿದ್ದರೆ, ಮೇಣದಬತ್ತಿ ಅಂಗಡಿಯ ಪಕ್ಕದ ಹಸಿರು ಬಾಗಿಲಿನ ಕಚೇರಿಗೆ ಬನ್ನಿ. ಸಾಲು ಎಷ್ಟೇ ಉದ್ದ ಇರಲಿ, ಒಳಗೆ ಒಂದು ಕುರ್ಚಿ ಇದೆ.