ಸಹಿ ನಿಮ್ಮದೇ ಆಗಬೇಕು

ಪ್ರಶ್ನೆ: ನನಗೆ 31 ವರ್ಷ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸೊರಗಿದೆ, ಸೊಂಟ ಒಂದು ಕಡೆ ವಾಲಿದೆ. ಕೋಲು ಹಿಡಿದು ಓಡಾಡುತ್ತೇನೆ, ಫಿಲೇಚರ್‌ನಲ್ಲಿ ನೂಲು ತೆಗೆಯುವ ಕೆಲಸ. ಈಗ ಮೂರು ತಿಂಗಳು. ‘ನಿನ್ನನ್ನ ನೋಡಿಕೊಳ್ಳೋದೇ ಕಷ್ಟ, ಮಗೂನೂ ಹಿಂಗೇ ಹುಟ್ಟಿದ್ರೆ? ತೆಗೆಸಿ, ಆಪರೇಷನ್ನೂ ಮಾಡಿಸಿಬಿಡೋಣ’ ಅಂತಾರೆ ಅತ್ತೆ. ಗಂಡ ಸಹಿ ಹಾಕಿದರೆ ಸಾಕಂತೆ. ನನಗೆ ಮಗು ಬೇಕು ಡಾಕ್ಟರೇ.
– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಸಾಕಾಗುವುದಿಲ್ಲಮ್ಮ. ಗರ್ಭ ತೆಗೆಯಲಿಕ್ಕೂ ಸಂತಾನಹರಣ ಚಿಕಿತ್ಸೆಗೂ ನಿಮ್ಮ ಒಪ್ಪಿಗೆ ಬೇಕೇ ಬೇಕು. ಗಂಡನ ಸಹಿ ಅದರ ಬದಲಿಗೆ ನಡೆಯುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳಿದೆ. ನಿಮ್ಮಂಥವರಿಗೆ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿದವರಿಗೂ ಮಾಡಿಸಿದವರಿಗೂ 6 ತಿಂಗಳಿಂದ 5 ವರ್ಷದವರೆಗೆ ಸಜೆಯಿದೆ. ಅದಕ್ಕೂ ಮುಂಚೆ, 2009ರಲ್ಲೇ, ಚಂಡೀಗಢದ ಆಶ್ರಯ ಕೇಂದ್ರವೊಂದರಲ್ಲಿದ್ದ ಬುದ್ಧಿಮಾಂದ್ಯ ಯುವತಿಗೆ ಗರ್ಭಪಾತ ಮಾಡಿಸಲು ಹೈಕೋರ್ಟ್ ಹೇಳಿದಾಗ, ಆಕೆ ಮಗು ಬೇಕೆನ್ನುತ್ತಿದ್ದಾಳೆ, ಮಾಡಕೂಡದು ಎಂದು ಸುಪ್ರೀಂ ಕೋರ್ಟ್ ತಡೆದಿತ್ತು.

ಅತ್ತೆಯ ಭಯಕ್ಕೂ ಉತ್ತರ ಇದೆ. ಪೋಲಿಯೊ ವಂಶದಲ್ಲಿ ಹರಿದು ಬರುವ ಕಾಯಿಲೆಯಲ್ಲ. ಆ ವೈರಸ್ ಕೆಡಿಸಿದ್ದು ಕಾಲಿನ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು, ನಿಮ್ಮ ಗರ್ಭಕೋಶವನ್ನಲ್ಲ. ಹೆರಿಗೆ ನೋವು ಎಲ್ಲರಂತೆ ನಿಮಗೂ ಗೊತ್ತಾಗುತ್ತದೆ. ಸೊಂಟ ವಾಲಿರುವುದರಿಂದ ಮಗು ಬರುವ ದಾರಿ ಕಿರಿದಾಗಿದ್ದರೆ ಸಿಸೇರಿಯನ್ ಬೇಕಾದೀತು. ಬೆನ್ನುಮೂಳೆಯೂ ಸೊಟ್ಟಗಿದ್ದರೆ ಅರಿವಳಿಕೆ ವೈದ್ಯರು ಏಳೆಂಟು ತಿಂಗಳಲ್ಲೇ ಬೆನ್ನು, ಉಸಿರಾಟ ಎರಡನ್ನೂ ನೋಡಿಟ್ಟಿರಬೇಕು. ಹಾಗಾಗಿ ಹೆರಿಗೆ ಎಲ್ಲಿ ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮಾತಾಡಿ. ತಾಯಿ ಕಾರ್ಡಿನಲ್ಲಿ ಪೋಲಿಯೊ ವಿಷಯ ಬರೆಸಿ. ಒಂದೇ ಕಾಲು ಊದಿ ನೋವಾದರೆ ಅದೇ ದಿನ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು.

ಗೌರಿಬಿದನೂರು, ಚಿಂತಾಮಣಿ ಕಡೆಯ ಹೆಣ್ಣುಮಕ್ಕಳಿಂದಲೂ ಇದೇ ಸಂಕಟ ಕೇಳಿದ್ದೇನೆ. ನಾವು ವೈದ್ಯರೇ ಎಷ್ಟೋ ಸಲ ಜೊತೆಗೆ ಬಂದವರ ಮುಖ ನೋಡಿ ಮಾತಾಡುತ್ತೇವೆ, ಅದು ತಪ್ಪು. ‘ನನ್ನನ್ನೇ ಕೇಳಿ’ ಅನ್ನಿ. ಪರೀಕ್ಷೆಯ ಮಂಚ ಎತ್ತರವಿದ್ದರೆ ತಗ್ಗಿನದು ಕೇಳಿ, ಸಂಕೋಚಪಟ್ಟು ಹತ್ತಲು ಹೋಗಬೇಡಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ.

ಇನ್ನೊಂದು, ಇವತ್ತೇ ನೋಡಿ: ನಿಮ್ಮ ಕೋಲಿನ ತುದಿಯ ರಬ್ಬರ್ ಸವೆದಿದೆಯೇ? ಹೊಟ್ಟೆ ಮುಂದೆ ಬಂದಂತೆ ಮೈತೂಕದ ಹದ ತಪ್ಪುತ್ತದೆ. ಫಿಲೇಚರ್ ನೆಲವಂತೂ ಸದಾ ಒದ್ದೆ. ಹೊಸ ರಬ್ಬರ್ ಹಾಕಿಸಿಕೊಂಡೇ ಕೆಲಸಕ್ಕೆ ಹೋಗಿ.